ಎಡಗಿವಿ ಒಪ್ಪಿಸುವ ಮೊದಲು

ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕೇಳಿಸುವುದಕ್ಕೆ ಕಿವಿಯೊಳಗೆ ಕೂರಿಸುವ ಮೆಷಿನ್, ಹಾಕಿಸಿಕೊಳ್ಳುವ ಆಪರೇಷನ್ ಆಗಿ ಇವತ್ತಿಗೆ ಹನ್ನೆರಡು ದಿನ. ಹೊಲಿಗೆ ಬಿಚ್ಚಿದ್ದಾರೆ. ಎಡಗಿವಿಯ ಹಿಂದೆ ಬೆರಳಾಡಿಸಿದರೆ ಚರ್ಮದ ಕೆಳಗೆ ಗಟ್ಟಿಯಾಗಿ ಒಂದು ಉಬ್ಬು ಸಿಗುತ್ತದೆ. ಇನ್ನೂ ಏನೂ ಕೇಳಿಸುವುದಿಲ್ಲ. ಹೊರಗೆ ಹಾಕಿಕೊಳ್ಳುವ ಮೆಷಿನ್ ಕೊಟ್ಟು ಸ್ವಿಚ್ ಆನ್ ಮಾಡುವುದು ಮುಂದಿನ ವಾರ. ಹಾಗಾಗಿ ಕೇಳಿಸಿದ ಮೇಲೆ ಹೇಗಿರುತ್ತದೆ ಅಂತ ಬರೆಯಲು ನನ್ನ ಹತ್ತಿರ ಏನೂ ಇಲ್ಲ. ನಾನು ಬರೆಯುತ್ತಿರುವುದು ಅದಕ್ಕೆ ಹಿಂದಿನ ಹದಿನಾಲ್ಕು ತಿಂಗಳ ಬಗ್ಗೆ. ಕಾಕ್ಲಿಯರ್ ಇಂಪ್ಲಾಂಟ್ ಅಂತ ಕನ್ನಡದಲ್ಲಿ ಹುಡುಕಿದಾಗ ನನಗೆ ಸಿಕ್ಕಿದ್ದೆಲ್ಲ ಪುಟ್ಟ ಮಕ್ಕಳ ವಿಷಯ. 44 ವರ್ಷದವನು, ಅಷ್ಟೋ ಇಷ್ಟೋ ಕೇಳಿಸುತ್ತಿರುವವನು, ಆ ಅಷ್ಟೋ ಇಷ್ಟನ್ನೂ ಬಿಟ್ಟುಕೊಡುವುದಕ್ಕೆ ಹೇಗೆ ತಯಾರಾಗಬೇಕು ಅಂತ ಯಾರಾದರೂ ಬರೆದಿದ್ದಾರಾ ಅಂತ ಬಹಳ ಹುಡುಕಿದೆ. ಸಿಗಲಿಲ್ಲ. ಅದಕ್ಕೇ ಇದು.

ನಾನು ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಬರೆಯುವುದು, ತೂಕ ಬರೆಯುವುದು, ಶನಿವಾರ ಬಟವಾಡೆ ಮಾಡುವುದು ನನ್ನ ಕೆಲಸ. ಒಂಬತ್ತನೇ ವಯಸ್ಸಿನಲ್ಲಿ ಮಂಗನ ಬಾವು ಬಂದು ಬಲಗಿವಿ ಪೂರ್ತಿ ಹೋಯಿತು. ಎಡಗಿವಿ ಚೆನ್ನಾಗಿತ್ತು, ಅದರಲ್ಲೇ ಓದಿದೆ, ಮದುವೆಯಾದೆ, ಕೆಲಸ ಮಾಡಿದೆ. ಮೂವತ್ತು ದಾಟಿದ ಮೇಲೆ ಆ ಕಿವಿಯೂ ಸ್ವಲ್ಪ ಸ್ವಲ್ಪ ಇಳಿಯುತ್ತಾ ಬಂತು. ಹಿಯರಿಂಗ್ ಏಡ್ ಹಾಕಿದೆ. ಮೂರು ವರ್ಷಕ್ಕೊಮ್ಮೆ ಇನ್ನೂ ಜೋರಿನದು, ಇನ್ನೂ ಜೋರಿನದು ಅಂತ ಬದಲಾಯಿಸಿದೆ.

ಹೋದ ವರ್ಷದ ಹಣ್ಣು ಕೊಯ್ಲಿನಲ್ಲಿ ಒಂದು ತಪ್ಪಾಯಿತು. ಸಂಜೆ ಕಣದಲ್ಲಿ ಮೇಸ್ತ್ರಿ ತಕ್ಕಡಿ ನೋಡಿ ಹೆಸರು, ಕೆ.ಜಿ. ಕೂಗುತ್ತಾನೆ, ನಾನು ಬರೆದುಕೊಳ್ಳುತ್ತೇನೆ. ಸೀತಾ, ಗೀತಾ ಅಂತ ಇಬ್ಬರಿದ್ದರು. ನನಗೆ ಎರಡೂ ಹೆಸರು 'ಈತಾ' ಅಂತಲೇ ಕೇಳಿಸುತ್ತಿದ್ದವು. ತುಟಿ ನೋಡಿ ತಿಳಿದುಕೊಳ್ಳೋಣ ಅಂದರೆ 'ಸ'ಗೂ 'ಗ'ಗೂ ತುಟಿ ಅಲ್ಲಾಡುವುದೇ ಇಲ್ಲ. ನಾಲ್ಕು ದಿನ ಒಬ್ಬಳ ತೂಕ ಇನ್ನೊಬ್ಬಳ ಹೆಸರಿಗೆ ಬಿತ್ತು. ಶನಿವಾರ ಸೀತಾ ಕವರ್ ತೆಗೆದು ದುಡ್ಡು ಎಣಿಸಿದಳು, ಮತ್ತೆ ಎಣಿಸಿದಳು, ಏನೂ ಹೇಳದೆ ನನ್ನ ಮುಂದೆ ನಿಂತಳು. ಅವಳು ಏನಾದರೂ ಹೇಳಿದ್ದರೂ ನನಗೆ ಕೇಳಿಸುತ್ತಿರಲಿಲ್ಲವೇನೋ. ಆ ವ್ಯತ್ಯಾಸ ನಾನು ಕೈಯಿಂದ ಕೊಟ್ಟೆ. ಆದರೆ ಅವಳು ಹಾಗೆ ನಿಂತಿದ್ದು ಮನಸ್ಸಿನಿಂದ ಹೋಗಲಿಲ್ಲ. ಕೊಯ್ಲು ಮುಗಿದ ಮೇಲೆ ಮಾರ್ಚ್‌ನಲ್ಲಿ ಮೈಸೂರಿಗೆ ಹೊರಟೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು. ಆಟೋದವರಿಗೆ 'ಸ್ಪೀಚ್ ಅಂಡ್ ಹಿಯರಿಂಗ್' ಅಂದರೆ ಸಾಕು. ನಮ್ಮ ಜಿಲ್ಲೆಯವರಿಗೆ ಅದು ಹತ್ತಿರವೇ, ಹಾಸನದಿಂದ ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ರೈಲೂ ಇದೆ. ಅಲ್ಲಿ ಮಾಡಿದ ಪರೀಕ್ಷೆಗಳಲ್ಲಿ ಒಂದು ಮಾತ್ರ ನನ್ನನ್ನು ಅಲ್ಲಾಡಿಸಿತು. ಬೀಪ್ ಕೇಳಿಸಿದಾಗ ಗುಂಡಿ ಒತ್ತುವ ಪರೀಕ್ಷೆ ನನಗೆ ಹಳೇದು. ಬಲಗಿವಿಯಲ್ಲಿ ಏನೂ ಇಲ್ಲ, ಎಡಗಿವಿಯಲ್ಲಿ ದಪ್ಪ ಶಬ್ದಗಳು ಸ್ವಲ್ಪ, ಕೀಚಲು ಥರದ ಸಣ್ಣ ಶಬ್ದಗಳು 100 ಡೆಸಿಬೆಲ್ ದಾಟುವಷ್ಟು ಜೋರು ಮಾಡಿದರೂ ಇಲ್ಲ. ಆಮೇಲೆ ಹಿಯರಿಂಗ್ ಏಡ್ ಹಾಕಿಸಿ, ಒಂದು ರೂಮಿನಲ್ಲಿ ಕೂರಿಸಿ, ಸ್ಪೀಕರ್‌ನಲ್ಲಿ ಕನ್ನಡದ ಪದಗಳನ್ನು ಬಿಟ್ಟರು. ಮುಖ ಇಲ್ಲ, ತುಟಿ ಇಲ್ಲ, ಬರೀ ದನಿ. ಕೇಳಿಸಿದ್ದನ್ನು ತಿರುಗಿ ಹೇಳಬೇಕು. ಇಪ್ಪತ್ತು ಪದದಲ್ಲಿ ನಾಲ್ಕು ಸರಿ ಹೇಳಿದೆ, ಅದರಲ್ಲೂ ಎರಡು ಊಹೆ. ನನಗೆ ಅರ್ಧಕ್ಕರ್ಧ ಕೇಳಿಸುತ್ತದೆ ಅಂತ ಇಷ್ಟು ವರ್ಷ ನಂಬಿಕೊಂಡಿದ್ದೆ. ಕೇಳುತ್ತಿದ್ದದ್ದು ಕಣ್ಣಿನಿಂದ ಅಂತ ಅವತ್ತು ಗೊತ್ತಾಯಿತು.

ಅಲ್ಲಿ ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಮೇಡಂ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಒಳಗಿವಿಯಲ್ಲಿ ಕೂದಲಿನಂಥ ಸಣ್ಣ ಕೋಶಗಳಿರುತ್ತವೆ. ಶಬ್ದದ ಅಲುಗಾಟವನ್ನು ಅವು ಕರೆಂಟಿನ ಸಂಜ್ಞೆ ಮಾಡಿ ನರಕ್ಕೆ ಕೊಡುತ್ತವೆ. ಹಿಯರಿಂಗ್ ಏಡ್ ಶಬ್ದವನ್ನು ಜೋರು ಮಾಡುತ್ತದೆ, ಅಷ್ಟೇ. ಕೋಶಗಳೇ ಸತ್ತಿದ್ದರೆ ಎಷ್ಟು ಜೋರು ಮಾಡಿದರೂ ಇಸಕೊಳ್ಳುವವರಿಲ್ಲ. ಇಂಪ್ಲಾಂಟ್ ಆ ಕೋಶಗಳನ್ನು ದಾಟಿ, ಒಂದು ಸಣ್ಣ ತಂತಿಯ ಮೂಲಕ ನೇರವಾಗಿ ನರಕ್ಕೇ ಸಂಜ್ಞೆ ಕೊಡುತ್ತದೆ. ಚೆನ್ನಾಗಿರುವ ಕಿವಿಯಲ್ಲಿ ಒಳಸಾಲಿನ ಕೋಶಗಳೇ 3,500ರಷ್ಟು ಇರುತ್ತವೆ. ಈ ತಂತಿಯ ಮೇಲಿರುವ ಎಲೆಕ್ಟ್ರೋಡ್‌ಗಳು ಕಂಪನಿಗೆ ತಕ್ಕ ಹಾಗೆ 12, 16 ಇಲ್ಲವೇ 22. ಅಷ್ಟರಲ್ಲೇ ಮಿದುಳು ಮಾತು ಕಟ್ಟಿಕೊಳ್ಳಬೇಕು. "ಮೊದಲಿನ ಹಾಗೆ ಕೇಳಿಸುತ್ತೆ ಅಂತ ನಾನು ಹೇಳೋದಿಲ್ಲ. ಮಾತು ತಿಳಿಯೋ ಹಾಗೆ ಆಗೋ ಸಾಧ್ಯತೆ ಚೆನ್ನಾಗಿದೆ" ಅಂತ ಬರೆದು ತೋರಿಸಿದರು. ಆ ಚೀಟಿ ಇನ್ನೂ ಇಟ್ಟುಕೊಂಡಿದ್ದೇನೆ.

ಒಳಗಿವಿ ಅಂದರೆ ಎರಡೂವರೆ ಸುತ್ತಿನ ಬಸವನಹುಳುವಿನ ಚಿಪ್ಪಿನ ಹಾಗೆ. ಅದರೊಳಗೆ ತಂತಿ ಹೇಗೆ ಸುತ್ತಿಕೊಂಡು ಹೋಗುತ್ತದೆ ಅಂತ ಕೇಳಿದ್ದಕ್ಕೆ ಅವರು ಗ್ರೇಮ್ ಕ್ಲಾರ್ಕ್ ಅನ್ನುವ ಆಸ್ಟ್ರೇಲಿಯಾದ ಡಾಕ್ಟರ ಕಥೆ ಹೇಳಿದರು. ಅವರಿಗೂ ಇದೇ ತಲೆನೋವಾಗಿತ್ತಂತೆ. 1977ರಲ್ಲಿ ಸಮುದ್ರದ ದಂಡೆಯಲ್ಲಿ ಕೂತಿದ್ದಾಗ ಒಂದು ಶಂಖದ ಚಿಪ್ಪಿನೊಳಗೆ ಹುಲ್ಲಿನ ಎಸಳು ತೂರಿಸಿ ನೋಡಿದರಂತೆ. ತುದಿ ಮೆತ್ತಗೆ, ಬುಡ ಗಟ್ಟಿ ಇದ್ದರೆ ಸಲೀಸಾಗಿ ಸುತ್ತುತ್ತಾ ಒಳಗೆ ಹೋಯಿತಂತೆ. ಮರುವರ್ಷ, 1978ರಲ್ಲಿ, ಮೆಲ್ಬರ್ನ್‌ನಲ್ಲಿ ಅವರು ತಮ್ಮ ಮೊದಲ ಇಂಪ್ಲಾಂಟ್ ಆಪರೇಷನ್ ಮಾಡಿದರು.

ಮನೆಗೆ ಬಂದು ಮಗಳಿಗೆ ಇದನ್ನು ಹೇಳಿದೆ. ಎಂಟನೇ ಕ್ಲಾಸು. ನಮ್ಮ ತೋಟದಲ್ಲಿ ಬಸವನಹುಳುವಿನ ಖಾಲಿ ಚಿಪ್ಪಿಗೆ ಬರವೇ? ಮಳೆಗಾಲದಲ್ಲಿ ಕಾಫಿ ಗಿಡಕ್ಕೆ ಅದೇ ಒಂದು ಕಾಟ. ಕಣದ ಮೂಲೆಯಿಂದ ಒಂದು ದೊಡ್ಡ ಚಿಪ್ಪು ತಂದು ತೊಳೆದಳು. ಕಡ್ಡಿ ತೂರಿಸಿದಳು, ಮೊದಲ ತಿರುವಿನಲ್ಲೇ ನಿಂತಿತು. ನೂಲು ತೂರಿಸಿದಳು, ಮುದುಡಿಕೊಂಡಿತು. ಕೊನೆಗೆ ಒಂದು ಎಳೆ ಹುಲ್ಲು ಕಿತ್ತು ಚಿಗುರಿನ ಕಡೆಯಿಂದ ನಿಧಾನವಾಗಿ ದೂಡಿದಳು. ಬೆರಳಿಗೆ ತಡೆ ಸಿಕ್ಕಾಗ ಸ್ವಲ್ಪ ಹಿಂದಕ್ಕೆ ಎಳೆದು ಮತ್ತೆ ದೂಡಿದಳು. ಹುಲ್ಲು ಹೋಗುತ್ತಾ ಹೋಗುತ್ತಾ ಅರ್ಧ ಗೇಣಿನಷ್ಟು ಒಳಗೆ ಮಾಯವಾಯಿತು. ನನ್ನ ಕಡೆ ತಿರುಗಿ, ತುಟಿ ದೊಡ್ಡದಾಗಿ ಅಲ್ಲಾಡಿಸಿ, "ಹೋಯ್ತು ಅಪ್ಪ" ಅಂದಳು. ಆಪರೇಷನ್ ಬಗ್ಗೆ ಇದ್ದ ಅರ್ಧ ಹೆದರಿಕೆ ನನಗೆ ಅಲ್ಲೇ ಇಳಿಯಿತು.

ಉಳಿದರ್ಧ ಬೇರೆ ಥರದ್ದು. ಸರ್ಜನ್ ಹತ್ತಿರ ಹೋದಾಗ ನಾನು ಮೊದಲು ಕೇಳಿದ್ದು ಇದನ್ನೇ: ಬಲಗಿವಿ ಹೇಗೂ ಸತ್ತಿದೆ, ಅದಕ್ಕೇ ಹಾಕಿಬಿಡಿ, ಎಡಗಿವಿ ಇರೋ ಹಾಗೆ ಇರಲಿ. ಎಲ್ಲರೂ ಹಾಗೇ ಕೇಳುತ್ತಾರಂತೆ. ಎಂ.ಆರ್.ಐ.ನಲ್ಲಿ ನನ್ನ ಎರಡೂ ಕಿವಿಯ ನರ ಚೆನ್ನಾಗಿಯೇ ಕಂಡಿತ್ತು. ಆದರೆ ಬಲಗಿವಿಗೆ ಶಬ್ದ ಬಿದ್ದು 35 ವರ್ಷವಾಗಿದೆ. ಅಷ್ಟು ಕಾಲ ಸುಮ್ಮನಿದ್ದ ಕಿವಿಯ ಸಂಜ್ಞೆಯನ್ನು ಮಿದುಳು ಮಾತಾಗಿ ಅರ್ಥ ಮಾಡಿಕೊಳ್ಳುವುದು ಕಷ್ಟ. ಎಡಗಿವಿಗೆ ಮಾತಿನ ನೆನಪಿದೆ, ಮೊನ್ನೆ ಮೊನ್ನೆಯವರೆಗೆ ಕೇಳಿದ ಕಿವಿ ಅದು. ಫಲ ಜಾಸ್ತಿ ಸಿಗುವುದು ಅಲ್ಲೇ. ಆದರೆ ತಂತಿ ಒಳಗೆ ಹೋದ ಮೇಲೆ ಅಲ್ಲಿ ಉಳಿದಿರುವ ಸಹಜ ಕೇಳ್ಮೆ ಹೋಗಬಹುದು. ಉಳಿಸಲು ನೋಡುತ್ತೇವೆ, ಮಾತು ಕೊಡಲಾರೆವು ಅಂದರು. ಅಂದರೆ ಕೆಲಸಕ್ಕೆ ಬಾರದ ಕಿವಿ ಅಲ್ಲ, ನನ್ನನ್ನು ಇಲ್ಲಿಯವರೆಗೆ ಸಾಕಿದ ಕಿವಿಯನ್ನೇ ಕೊಡಬೇಕು.

ಊರಿಗೆ ಬಂದು ಹತ್ತು ತಿಂಗಳು ಸುಮ್ಮನಿದ್ದೆ. ಹೆಂಡತಿ ಒಂದೇ ಸಲ ಕೇಳಿದಳು, "ಇರೋ ಕಿವೀನೂ ಹೋದ್ರೆ ಏನ್ರೀ ಮಾಡೋದು?" ನನ್ನ ಹತ್ತಿರ ಉತ್ತರ ಇರಲಿಲ್ಲ, ಅವಳೂ ಮತ್ತೆ ಕೇಳಲಿಲ್ಲ. ಎಡಗಿವಿಯಲ್ಲಿ ನನಗೆ ಉಳಿದಿದ್ದು ಏನು ಅಂತ ಆ ಮಳೆಗಾಲದಲ್ಲಿ ಗಮನಿಸುತ್ತಾ ಹೋದೆ. ತಗಡಿನ ಮೇಲೆ ಜೋರು ಮಳೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೆಷಿನ್. ಜೀಪ್ ಗೇರ್ ಬದಲಾಯಿಸುವುದು. ಜಾತ್ರೆಯ ಡೊಳ್ಳು. ಆಮೇಲೆ ಅವ್ವನ ದನಿ. ನಮ್ಮವ್ವನದು ದಪ್ಪ ದನಿ. ಪದ ತಿಳಿಯುತ್ತಿರಲಿಲ್ಲ, ಆದರೆ ಅಡುಗೆಮನೆಯಲ್ಲಿ ಮಾತಾಡುತ್ತಿರುವುದು ಅವ್ವ ಅಂತ ನಡುಮನೆಯಲ್ಲಿ ಕೂತೇ ಗೊತ್ತಾಗುತ್ತಿತ್ತು. ಇಂಪ್ಲಾಂಟ್ ಹಾಕಿಸಿದವರಿಗೆ ಶುರುವಿನಲ್ಲಿ ಎಲ್ಲರ ದನಿಯೂ ಒಂದೇ ಥರ, ಯಂತ್ರದ ದನಿಯ ಹಾಗೆ ಕೇಳಿಸುತ್ತದೆ ಅಂತ ಓದಿದ್ದೆ. ನನಗೆ ಹೆದರಿಕೆ ಇದ್ದದ್ದು ಅಲ್ಲಿ. ಮಾತು ಸಿಕ್ಕಿ ಅವ್ವನ ದನಿ ಹೋದರೆ?

ಮನಸ್ಸು ಗಟ್ಟಿ ಮಾಡಿಸಿದ್ದು ಒಬ್ಬ ಹಿರಿಯರು. ನಾಲ್ಕು ವರ್ಷದ ಹಿಂದೆ ಇಂಪ್ಲಾಂಟ್ ಹಾಕಿಸಿಕೊಂಡವರು. ಆಡಿಯಾಲಜಿಸ್ಟ್ ಮೇಡಂ ಅವರನ್ನು ಕೇಳಿ ಪರಿಚಯ ಮಾಡಿಸಿದರು. ಅವರು ನನ್ನೆದುರಿಗೇ ಫೋನೆತ್ತಿ ಮೊಮ್ಮಗನ ಜೊತೆ ಮಾತಾಡಿದರು. ಫೋನಿನಲ್ಲಿ ತುಟಿ ಕಾಣಿಸುವುದಿಲ್ಲ ಅಲ್ವಾ? ನಾನು ಫೋನ್ ಎತ್ತಿ ಆರು ವರ್ಷವಾಗಿತ್ತು. ಅವರು ಬರೆದು ಹೇಳಿದ್ದು: "ಮೊದಲ ತಿಂಗಳು ಎಲ್ಲರೂ ಡಬ್ಬದೊಳಗಿಂದ ಮಾತಾಡಿದ ಹಾಗಿತ್ತು. ನನ್ನ ಹೆಂಡತಿ ದನಿ ಮತ್ತೆ ಅವಳದೇ ಅನಿಸೋಕೆ ಎಂಟು ತಿಂಗಳಾಯ್ತು. ನಿಮಗೆ ಬೇಕಾದವರ ದನಿ ಈಗಲೇ ಚೆನ್ನಾಗಿ ನೆನಪಿಟ್ಟುಕೊಳ್ಳಿ." ನೆನಪು ಗಟ್ಟಿಯಾಗಿದ್ದರೆ ಮಿದುಳು ಹೊಸ ಸಂಜ್ಞೆಯನ್ನು ಅದಕ್ಕೆ ಹೊಂದಿಸಿಕೊಳ್ಳುತ್ತದೆ ಅಂತ ಮೇಡಂ ಕೂಡ ಹೇಳಿದರು.

ಜನವರಿಯಲ್ಲಿ ಆಗಲಿ ಅಂದೆ. ಅಲ್ಲಿಂದ ಬರೀ ಓಡಾಟ.

ದುಡ್ಡಿನ ವಿಷಯ ಮುಚ್ಚಿಡುವುದು ಬೇಡ. ಮಕ್ಕಳಿಗಾದರೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಇಂಪ್ಲಾಂಟ್ ಸಿಗುತ್ತದೆ. ಸಣ್ಣ ಮಗುವಿಗೆ ಕೇಳಿಸುತ್ತಿಲ್ಲ ಅಂತ ಅನುಮಾನ ಬಂದರೂ ದಯವಿಟ್ಟು ಒಂದು ದಿನವೂ ತಡಮಾಡದೆ ಹೋಗಿ ವಿಚಾರಿಸಿ. ನನ್ನ ವಯಸ್ಸಿಗೆ ಅದು ಬರುವುದಿಲ್ಲ. ಮೆಷಿನ್, ಆಪರೇಷನ್ ಎಲ್ಲ ಸೇರಿ ನನಗೆ ಒಂಬತ್ತು ಲಕ್ಷದ ಹತ್ತಿರ ಬಂತು. ಮೆಣಸು ಮಾರಿದ್ದು, ಹೆಂಡತಿಯ ಎರಡೆಳೆ ಸರ ಸೊಸೈಟಿಯಲ್ಲಿ ಇಟ್ಟಿದ್ದು, ಧಣಿಗಳು ಕೊಟ್ಟ ಮುಂಗಡ. ಅಷ್ಟಕ್ಕೇ ಮುಗಿಯುವುದಿಲ್ಲ, ಬ್ಯಾಟರಿ, ಕೇಬಲ್ಲು, ವಾರಂಟಿ ಮುಗಿದ ಮೇಲಿನ ರಿಪೇರಿ ಎಲ್ಲ ಇದೆ. ಅದನ್ನೂ ಮೊದಲೇ ಕೇಳಿ ಬರೆಸಿಕೊಳ್ಳಿ.

ಯಾವ ಮೆಷಿನ್ ಅಂತ ಆರಿಸುವಾಗ ನಾನು ನೋಡಿದ್ದು ನಮ್ಮ ಮಲೆನಾಡಿನ ಮಳೆಯನ್ನು. ಹೊರಗೆ ಹಾಕಿಕೊಳ್ಳುವ ಮೆಷಿನ್ನಿಗೆ ಪ್ರೊಸೆಸರ್ ಅನ್ನುತ್ತಾರೆ, ಅದರಲ್ಲಿ ಎರಡು ಬಗೆ: ಹಿಯರಿಂಗ್ ಏಡ್ ಹಾಗೆ ಕಿವಿಯ ಮೇಲೆ ಕೂರುವುದು, ಗುಂಡಿಯ ಹಾಗೆ ತಲೆಗೇ ಅಂಟುವುದು. ಗುಂಡಿಯಂಥದ್ದು ನೋಡಲು ಚೆಂದ. ಆದರೆ ನನಗೆ ತೋರಿಸಿದ್ದು ಬರೀ ಚಾರ್ಜ್ ಮಾಡುವಂಥದ್ದು. ಜುಲೈನಲ್ಲಿ ನಮ್ಮಲ್ಲಿ ಮರ ಬಿದ್ದರೆ ಮೂರು ದಿನ ಕರೆಂಟ್ ಇರುವುದಿಲ್ಲ. ಬಿಸಾಡುವ ಬ್ಯಾಟರಿಯೂ ಹಿಡಿಯುವ, ಕಿವಿಯ ಮೇಲೆ ಕೂರುವುದನ್ನೇ ಹೇಳಿದೆ. ಮಳೆಗೆ ಹಾಕುವ ಕವರು, ತೇವ ಹೀರುವ ಡಬ್ಬಿ ಎರಡನ್ನೂ ಪಟ್ಟಿಯಲ್ಲಿ ಸೇರಿಸಿದೆ. ಅಂಗಡಿಯವರು ಸಿಟಿಯವರಿಗೆ ಹೇಳುವುದನ್ನೇ ನಮಗೂ ಹೇಳುತ್ತಾರೆ, ನಮ್ಮ ಹವೆಯನ್ನು ನಾವೇ ಹೇಳಬೇಕು.

ಲಸಿಕೆ ಮರೆಯಬೇಡಿ. ನ್ಯುಮೊಕಾಕಲ್ ಲಸಿಕೆ. ಮಧ್ಯಕಿವಿಗೆ ಸೋಂಕಾದರೆ ಅದು ತಂತಿಯ ಗುಂಟ ಒಳಕ್ಕೆ ಹೋಗಿ ಮಿದುಳಿನ ಪೊರೆಗೆ ತಗಲುವ ಅಪಾಯ ಸ್ವಲ್ಪ ಇದೆ, ಅದಕ್ಕೆ. ಆಪರೇಷನ್‌ಗೆ ಕನಿಷ್ಠ ಎರಡು ವಾರ ಮೊದಲು ಮುಗಿದಿರಬೇಕು. ನನಗೆ ಎರಡು ಬಗೆ, ನಡುವೆ ಎಂಟು ವಾರ ಬಿಟ್ಟು ಬರೆದುಕೊಟ್ಟರು. ಫೆಬ್ರವರಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಒಂದು. ಎರಡನ್ನೂ ಹಾಸನದಲ್ಲೇ ಹಾಕಿಸಿಕೊಂಡೆ.

ಇದಕ್ಕೂ ಮೊದಲು, ಸರ್ಜನ್‌ಗೆ ತೋರಿಸುವ ಎಂ.ಆರ್.ಐ.ಗೆ ಹೋದಾಗ, ಸ್ಕ್ಯಾನಿಂಗ್ ಸೆಂಟರಿನಲ್ಲಿ ಆದದ್ದನ್ನು ಹೇಳಲೇಬೇಕು. ನಾನು ಒಬ್ಬನೇ ಹೋಗಿದ್ದೆ. ಕಿವಿ ಕೇಳಿಸುವುದಿಲ್ಲ, ನನ್ನ ಸರದಿ ಬಂದಾಗ ಕೈ ಮಾಡಿ ಅಂತ ಚೀಟಿ ಬರೆದು ಕೊಟ್ಟಿದ್ದೆ. ಕೌಂಟರಿನ ಹುಡುಗಿ ತಲೆಯಾಡಿಸಿದಳು. ಮೂರು ಗಂಟೆ ಕೂತೆ. ನನ್ನ ಹಿಂದೆ ಬಂದವರೆಲ್ಲ ಹೋದರು. ಕೇಳಿದರೆ, ಎರಡು ಸಲ ಕೂಗಿದೆವು, ನೀವು ಬರಲಿಲ್ಲ, ನಾಳೆ ಬನ್ನಿ ಅಂದರು. ಕಿವಿಯ ಎಂ.ಆರ್.ಐ.ಗೆ ಬಂದವನನ್ನು ಕೂಗಿ ಕರೆದರೆ ಹೇಗೆ? ಇಂಥ ಕಡೆ ಟೋಕನ್ ನಂಬರ್ ತೋರಿಸುವ ಒಂದು ಬೋರ್ಡ್ ಇದ್ದರೆ ಸಾಕು. ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತೆ. ಮಾರನೇ ದಿನ ಹೆಂಡತಿಯನ್ನು ಕರೆದುಕೊಂಡು ಹೋದೆ.

ಆಪರೇಷನ್ ಬಗ್ಗೆ ಸರ್ಜನ್ ಬಿಡಿಸಿ ಹೇಳಿದರು. ಕಿವಿಯ ಹಿಂದಿನ ಮೂಳೆ ಕೊರೆದು ದಾರಿ ಮಾಡುತ್ತಾರೆ. ಆ ದಾರಿಯ ಪಕ್ಕದಲ್ಲೇ ಮುಖ ಅಲ್ಲಾಡಿಸುವ ನರ ಇದೆ, ಅದಕ್ಕೆ ಪೆಟ್ಟಾಗದ ಹಾಗೆ ಮಾನಿಟರ್ ಹಾಕಿಕೊಂಡು ಕೆಲಸ ಮಾಡುತ್ತಾರೆ. ನಾಲಿಗೆಯ ರುಚಿಯ ಒಂದು ಸಣ್ಣ ನರವೂ ಅಲ್ಲೇ ಹಾಯುತ್ತದೆ. ಕೆಲವರಿಗೆ ಕೆಲವು ವಾರ ಬಾಯಲ್ಲಿ ಕಬ್ಬಿಣದ ರುಚಿ ಬರುತ್ತದಂತೆ. ನನಗೆ ಬಂದಿದೆ, ಕಾಫಿ ಎಡಭಾಗದಲ್ಲಿ ಒಂಥರಾ, ಬಲಭಾಗದಲ್ಲಿ ಒಂಥರಾ. ದಿನದಿನಕ್ಕೆ ಕಡಿಮೆಯಾಗುತ್ತಿದೆ. ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಒಳಗೆ ಅಯಸ್ಕಾಂತ ಇರುವುದರಿಂದ ಇನ್ನು ಮುಂದೆ ಎಂ.ಆರ್.ಐ. ಮಾಡಿಸುವ ಮೊದಲು ಇಂಪ್ಲಾಂಟ್ ಇದೆ ಅಂತ ಹೇಳಲೇಬೇಕು. ಅದಕ್ಕೊಂದು ಕಾರ್ಡ್ ಕೊಟ್ಟಿದ್ದಾರೆ, ಪರ್ಸಿನಲ್ಲೇ ಇದೆ.

ಮೇ ಮೊದಲ ವಾರಕ್ಕೆ ದಿನ ಗೊತ್ತಾಗಿತ್ತು. ಏಪ್ರಿಲ್ ಕೊನೆಯಲ್ಲಿ ತೋಟದಲ್ಲಿ ಮಳೆಗೆ ನೆನೆದು ನೆಗಡಿ ಹಿಡಿಯಿತು. ನೆಗಡಿ, ಜ್ವರ ಇದ್ದರೆ ಅನೆಸ್ತೇಶಿಯಾ ಕೊಡುವುದಿಲ್ಲ. ಹತ್ತು ದಿನ ಮುಂದಕ್ಕೆ ಹೋಯಿತು. ನಿಮ್ಮ ದಿನ ಹತ್ತಿರ ಬಂದಾಗ ಮಳೆಯಲ್ಲಿ ನಿಲ್ಲಬೇಡಿ, ನೆಗಡಿಯಾದವರ ಹತ್ತಿರ ಕೂರಬೇಡಿ.

ಈ ತಿಂಗಳುಗಳಲ್ಲಿ ನಾನೇ ಮಾಡಿಕೊಂಡ ತಯಾರಿ ಒಂದಿತ್ತು. ಫೆಬ್ರವರಿಯಿಂದ ದಿನಾ ಸಂಜೆ ಅವ್ವನ ಎದುರು ಕೂರುತ್ತಿದ್ದೆ. ಏನು ಹೇಳಬೇಕು ಅಂತ ಅವ್ವನಿಗೆ ತೋಚುತ್ತಿರಲಿಲ್ಲ. ನನಗೆ ಗೊತ್ತಿರುವ ಮಾತೇ ಆಗಬೇಕು, ಇಲ್ಲದಿದ್ದರೆ ತಿಳಿಯುವುದಿಲ್ಲ. ಕೊನೆಗೆ ಮಗ್ಗಿ ಹೇಳು ಅಂದೆ. ಸ್ಕೂಲಿಗೆ ಹೋಗದ ಅವ್ವ ನನಗೆ ಮಗ್ಗಿ ಬಾಯಿಪಾಠ ಮಾಡಿಸುತ್ತಾ ತಾನೂ ಕಲಿತವಳು. "ಎರಡೊಂದ್ಲ ಎರಡು, ಎರಡೆರಡ್ಲ ನಾಕು" ಅಂತ ತೊಡೆ ತಟ್ಟುತ್ತಾ ಶುರು ಮಾಡಿದಳು. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಮುಂದೆ ಬರುವುದು ಗೊತ್ತಿರುವುದರಿಂದ ಆ ಗುಂಯ್ ಅನ್ನುವ ದನಿಯೊಳಗೆ ನಿಧಾನವಾಗಿ ಪದ ಮೂಡುತ್ತಿತ್ತು. ಏಳರ ಮಗ್ಗಿಯಲ್ಲಿ ಅವ್ವ ಏಳೆಂಟ್ಲ ಹತ್ತಿರ ಒಂದು ಕ್ಷಣ ನಿಲ್ಲುತ್ತಾಳೆ, ನಾನು ಹುಡುಗನಾಗಿದ್ದಾಗಲೂ ನಿಲ್ಲುತ್ತಿದ್ದಳು. ಆ ನಿಲುಗಡೆಯೂ ನನಗೆ ಕೇಳಿಸಿತು. ಮಗಳು ಅದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿದ್ದಾಳೆ, ಎರಡರಿಂದ ಹತ್ತರವರೆಗೆ. ಸ್ವಿಚ್ ಆನ್ ಆದ ಮೇಲೆ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದು ಬೇಡ ಅಂದರು ಮೇಡಂ.

ಮೈಸೂರಿಗೆ ಹೊರಡುವ ಹಿಂದಿನ ಸಂಜೆ ಅವ್ವ ಹತ್ತರ ಮಗ್ಗಿ ಮುಗಿಸಿ ನನ್ನ ಎಡಗಿವಿಯನ್ನು ಕೈಯಲ್ಲಿ ಮುಟ್ಟಿದಳು. ಏನೋ ಹೇಳಿದಳು. ತುಟಿ ನೋಡಲಿಲ್ಲ, ನೋಡಬಾರದು ಅನಿಸಿತು.

ಆಪರೇಷನ್ ದಿನಕ್ಕೆ ನಾನು ಮಾಡಿಕೊಂಡ ಒಂದು ಏರ್ಪಾಡು ಎಲ್ಲರಿಗೂ ಹೇಳುತ್ತೇನೆ. ಒಳಗೆ ಎಲ್ಲರೂ ಮಾಸ್ಕ್ ಹಾಕಿರುತ್ತಾರೆ, ತುಟಿ ಓದಲು ಆಗುವುದಿಲ್ಲ. ಹಾಗಾಗಿ ಹಿಂದಿನ ದಿನವೇ ಅನೆಸ್ತೇಶಿಯಾ ಡಾಕ್ಟರ ಜೊತೆ ಸನ್ನೆ ಮಾತಾಡಿಕೊಂಡೆ. ಇಂಜೆಕ್ಷನ್ ಕೊಡುವ ಮೊದಲು ಭುಜ ಮುಟ್ಟುತ್ತಾರೆ. ಎಚ್ಚರವಾದ ಮೇಲೆ ಕೈ ಎರಡು ಸಲ ಒತ್ತಿದರೆ ಆಪರೇಷನ್ ಮುಗಿಯಿತು ಅಂತ. ತುಟಿ ತೋರಿಸಿದರೆ ನಾನು ನಗಬೇಕು, ಮುಖದ ನರ ಸರಿಯಿದೆಯಾ ಅಂತ ನೋಡುವುದಕ್ಕೆ. 'ನನಗೆ ಕೇಳಿಸುವುದಿಲ್ಲ, ಬರೆದು ತೋರಿಸಿ' ಅಂತ ದಪ್ಪ ಅಕ್ಷರದಲ್ಲಿ ಮಗಳು ಬರೆದ ಹಾಳೆ ಫೈಲಿನ ಮೇಲೆ ಅಂಟಿಸಿದ್ದೆವು. ನರ್ಸ್‌ಗಳು ಅದನ್ನು ಓದಿದರು, ಅದರಂತೆ ನಡೆದುಕೊಂಡರು. ಎಚ್ಚರವಾದಾಗ ಯಾರೋ ನನ್ನ ಕೈ ಎರಡು ಸಲ ಒತ್ತಿದ್ದು ಇನ್ನೂ ನೆನಪಿದೆ.

ರಾತ್ರಿಯಿಂದ ಊಟ ಇಲ್ಲ. ಬೆಳಿಗ್ಗೆ ಕಿವಿಯ ಹಿಂದೆ ನಾಲ್ಕು ಬೆರಳಗಲ ಕೂದಲು ತೆಗೆದರು. ಆಪರೇಷನ್ ಥಿಯೇಟರ್ ಬಾಗಿಲವರೆಗೂ ಹಿಯರಿಂಗ್ ಏಡ್ ಹಾಕಿಕೊಂಡಿರುತ್ತೇನೆ ಅಂತ ಕೇಳಿಕೊಂಡಿದ್ದೆ, ಒಪ್ಪಿದ್ದರು. ಟ್ರಾಲಿ ಬಾಗಿಲ ಹತ್ತಿರ ನಿಂತಿತು. ಎಡಗಿವಿಯಿಂದ ತೆಗೆದು ಹೆಂಡತಿಯ ಕೈಗೆ ಕೊಟ್ಟೆ. ಅವಳು ಅದನ್ನು ಬಿಗಿಯಾಗಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಪಕ್ಕದಲ್ಲಿದ್ದ ನರ್ಸ್ ತಟ್ಟನೆ ಅವಳ ಕೈ ಕಡೆ ನೋಡಿದರು, ಬಾಗಿಲಲ್ಲಿ ನಿಂತಿದ್ದ ವಾರ್ಡ್ ಬಾಯ್ ಕೂಡ ತಿರುಗಿದ. ಆನ್ ಇರುವ ಹಿಯರಿಂಗ್ ಏಡ್ ಮುಷ್ಟಿಯೊಳಗೆ ಸಿಕ್ಕಿದರೆ ಕುಯ್ಯ್ ಅಂತ ಶಿಳ್ಳೆ ಹೊಡೆಯುತ್ತದೆ. ನನಗೆ ಕೇಳಿಸಲಿಲ್ಲ, ಅವರ ಮುಖ ನೋಡಿ ಗೊತ್ತಾಯಿತು. ಎರಡು ಬೆರಳಿನಲ್ಲಿ ಸನ್ನೆ ಮಾಡಿ ತೋರಿಸಿದೆ. ಅವಳು ಮುಷ್ಟಿ ಬಿಚ್ಚಿ, ಉಗುರಿನಿಂದ ಬ್ಯಾಟರಿಯ ಪುಟ್ಟ ಬಾಗಿಲು ತೆಗೆದಳು. ಟ್ರಾಲಿ ಒಳಗೆ ಹೋಯಿತು.